ಹೆಬ್ಬೆರಳು ಹೊರಗಿರಲಿ

ತರಕಾರಿಯ ಚೀಲ ಹಿಡಿಯುವುದರಲ್ಲೂ ಸರಿ-ತಪ್ಪುಗಳಿವೆ ಎಂದು ಮದುವೆಯಾಗುವ ತನಕ ನನಗೆ ತಿಳಿದಿರಲಿಲ್ಲ. ಜಗತ್ತಿನ ಸಕಲ ಜನರೂ ಚೀಲದ ಹಿಡಿಯನ್ನು ಐದು ಬೆರಳುಗಳಿಂದ ಸುತ್ತಿ ಹಿಡಿದರೆ ನಾನೊಬ್ಬ ಮಾತ್ರ ನಾಲ್ಕರಲ್ಲೇ ಹಿಡಿಯುತ್ತೇನಂತೆ. ಹೆಬ್ಬೆರಳು ಮಾತ್ರ ಕರೆಯದ ಊಟಕ್ಕೆ ಬಂದವನ ಹಾಗೆ ಪಕ್ಕದಲ್ಲಿ ನೆಟ್ಟಗೆ ನಿಂತಿರುತ್ತದಂತೆ. ಇದನ್ನು ಪತ್ತೆ ಮಾಡಿದವಳು ನನ್ನ ಹೆಂಡತಿ. ಬಸ್ಸಿನ ಕಂಬಿ, ಕೊಡೆಯ ಹಿಡಿ, ನೀರಿನ ಬಕೆಟ್ಟು ಎಲ್ಲದರಲ್ಲೂ ಇದೇ ಚಾಳಿ ಎಂದು ಸಾಕ್ಷಿ ಸಮೇತ ಸಾಬೀತು ಮಾಡಿದ ಮೇಲೆ, ನಾಸಿಕದ ನಮ್ಮ ಬೀದಿಯಲ್ಲಿ ನನಗೆ ಏನೋ ನರದ ದೌರ್ಬಲ್ಯವಿದೆಯೆಂಬ ಸುದ್ದಿಯೂ ಸಣ್ಣಗೆ ಹಬ್ಬಿತು. ಎದುರುಮನೆಯ ಮರಾಠಿ ಅಜ್ಜಿ ಎಳ್ಳೆಣ್ಣೆ ತಿಕ್ಕಿಸಿಕೊಳ್ಳುವಂತೆ ಹೇಳಿಕಳಿಸಿದರು. ನಾನು ತಿಕ್ಕಿಸಿಕೊಂಡೆ ಕೂಡ, ಏಕೆಂದರೆ ನಿಜವಾದ ಕಾರಣ ಹೇಳುವುದಕ್ಕಿಂತ ಎಣ್ಣೆ ತಿಕ್ಕಿಸಿಕೊಳ್ಳುವುದು ಸುಲಭವಾಗಿತ್ತು.

ನಿಜವಾದ ಕಾರಣ ನಮ್ಮ ಹೋಟೆಲಿನ ಹಿತ್ತಲಲ್ಲಿ ತಗಡಿನ ಮಾಡಿನ ಕೆಳಗೆ ನಿಂತಿದೆ. ಅದೊಂದು ಜೀಪು. ನನ್ನ ಸೋದರಮಾವ ಅದನ್ನು ಮಿಲಿಟರಿಯವರು ಬೇಡವೆಂದು ಬಿಟ್ಟ ಸಾಮಾನುಗಳ ಹರಾಜಿನಲ್ಲಿ ಹಿಡಿದು ತಂದರು. ಕುಂದಾಪುರದ ಕಡೆಯಿಂದ ಬಂದು ನಾಸಿಕದಲ್ಲಿ ಸಸ್ಯಾಹಾರಿ ಹೋಟೆಲು ನಡೆಸುತ್ತಿದ್ದ ಮಾವನಿಗೂ ಯುದ್ಧಕ್ಕೂ ಇದ್ದ ಸಂಬಂಧವೆಂದರೆ ವೃತ್ತಪತ್ರಿಕೆಯ ಮೂಲಕ ಮಾತ್ರ. ಆದರೂ ಆ ಹಸಿರು ಬಣ್ಣದ, ಬಾಗಿಲಿಲ್ಲದ, ಎಡಗಡೆ ಚಾಲಕನ ಸೀಟಿದ್ದ ವಾಹನವನ್ನು ಕಂಡು ಅವರು ಮೋಹಪರವಶರಾದರು. "ರಸ್ತೆ ಇಲ್ಲದಲ್ಲಿಗೂ ಹೋಗ್ತದಂತೆ ಮಾರಾಯ, ನಾಲ್ಕು ಚಕ್ರವೂ ಒಟ್ಟಿಗೆ ಎಳೀತದಂತೆ," ಎಂದು ನನ್ನ ಭುಜ ತಟ್ಟಿದರು. ರಸ್ತೆ ಇರುವಲ್ಲಿಯೇ ಇಡ್ಲಿಗೆ ಸಾಕಷ್ಟು ಗಿರಾಕಿಗಳಿರುವಾಗ ರಸ್ತೆ ಇಲ್ಲದಲ್ಲಿಗೆ ಯಾಕೆ ಹೋಗಬೇಕೆಂದು ಕೇಳುವ ಧೈರ್ಯ, ಬಿ.ಎ. ಮುಗಿಸಿ ಕೆಲಸವಿಲ್ಲದೆ ಅವರ ಅನ್ನ ಉಣ್ಣುತ್ತಿದ್ದ ನನಗಿರಲಿಲ್ಲ.

ಹೋಗಬೇಕಾದ ಕಾರಣ ಆಮೇಲೆ ತಿಳಿಯಿತು. ಮಾವ ಔರಂಗಾಬಾದಿನಲ್ಲಿ ಎರಡನೆಯ ಹೋಟೆಲು ತೆರೆದಿದ್ದರು. ಅಲ್ಲಿಂದ ಪೈಠಣದ ದಾರಿ ಹಿಡಿದು ಬಿಡಕಿನ್ ದಾಟಿ, ಹೊಲಗಳ ನಡುವೆ ಒಳಕ್ಕೆ ಹೋದರೆ ಸರ್ವೆಯವರದೊಂದು ಕ್ಯಾಂಪು. ಅಲ್ಲಿನ ಇಪ್ಪತ್ತು-ಮೂವತ್ತು ಮಂದಿಗೆ ಮಧ್ಯಾಹ್ನದ ಊಟ ಒದಗಿಸಲು ಮಾವ ಒಪ್ಪಿಕೊಂಡಿದ್ದರು. ಅನ್ನ, ಸಾಂಬಾರು, ಪಲ್ಯ, ಮಜ್ಜಿಗೆ ಇಷ್ಟೂ ಜೀಪಿನಲ್ಲಿ ಸವಾರಿ ಹೊರಡಬೇಕು, ಉಸ್ತುವಾರಿಗೆ ನಾನು. ಶತ್ರುವಿನ ಮೇಲೆ ನುಗ್ಗಲು ತಯಾರಾದ ವಾಹನ ಹೀಗೆ ಸಾಂಬಾರಿನ ಸೇವೆಗೆ ಸೇರಿತು.

ಜೀಪಿನ ಜೊತೆಗೆ ಬಂದವರು ಶರಣಪ್ಪನವರು. ಕಲಬುರ್ಗಿ ಕಡೆಯವರು, ಹಣೆಯ ತುಂಬ ವಿಭೂತಿ, ಸೈನ್ಯದಲ್ಲಿ ಬಹಳ ವರ್ಷ ವಾಹನ ನಡೆಸಿ ನಿವೃತ್ತರಾದವರು. ಮಾವ ಅವರನ್ನು ಚಾಲಕರಾಗಿ ಇಟ್ಟುಕೊಂಡರು. ನನಗೂ ಚಾಲನೆ ಕಲಿಸಬೇಕೆಂಬುದು ಕರಾರು. ಮೊದಲ ದಿನ ಎಂಜಿನ್ನು ಶುರುಮಾಡುವುದಿರಲಿ, ಕೀಲಿಕೈಯನ್ನೂ ತೋರಿಸದೆ, ನಾಸಿಕದ ಹಿತ್ತಲಲ್ಲಿ ನನ್ನನ್ನು ಸ್ಟೀರಿಂಗಿನ ಮುಂದೆ ಕೂರಿಸಿ ಕಾಲು ಗಂಟೆ ನನ್ನ ಕೈಗಳನ್ನೇ ನೋಡುತ್ತ ನಿಂತರು.

"ಅಂಗೂಠಾ ಹೊರಗ ಇಡ್ರಿ."

ನಾನು ಹೆಬ್ಬೆರಳನ್ನು ಒಳಕ್ಕೆ ಮಡಚಿ, ಚಕ್ರವನ್ನು ಬಿಗಿಯಾಗಿ ಹಿಡಿದಿದ್ದೆ. ಯಾಕೆ ಎಂದು ಕೇಳಿದೆ.

"ಗಾಲಿ ಕಲ್ಲಿಗಿ ಬಡಿದ್ರ ಈ ಚಕ್ರ ತಾನ ಗರ್ರಂತ ತಿರಗತದ್ರಿ. ಒಳಗಿದ್ದ ಬಟ್ಟ ಮುರದು ಕೈಯಾಗ ಕೊಡತದ. ನನ್ನ ದೋಸ್ತಂದು ಹೋಗಿದ್ದು ನಾ ನೋಡೀನಿ."

ಅಲ್ಲಿಂದ ಔರಂಗಾಬಾದಿಗೆ ಜೀಪು ಒಯ್ಯುವ ದಾರಿಯೇ ನನ್ನ ಪಾಠಶಾಲೆಯಾಯಿತು. ಯೇವಲಾದಲ್ಲಿ ಚಹಕ್ಕೆ ನಿಂತೆವು. ಮಗ್ಗಗಳ ಸದ್ದು ಓಣಿಯ ಒಳಗಿಂದ ಕೇಳುತ್ತಿತ್ತು. ಊರು ದಾಟಿದ ಮೇಲೆ ಶರಣಪ್ಪನವರು ಬೇಕೆಂದೇ ಡಾಂಬರು ಬಿಟ್ಟು ಒಣಗಿದ ಹಳ್ಳವೊಂದಕ್ಕೆ ಜೀಪು ತಿರುಗಿಸಿದರು. ಇಳಿಸುವ ಮೊದಲು ನನ್ನನ್ನು ಕೆಳಗಿಳಿಸಿ ಹಳ್ಳದ ಈಚೆಯಿಂದ ಆಚೆಗೆ ನಡೆಸಿದರು, ಮೊದಲು ಕಾಲಿನಿಂದ ನೋಡದ ನೆಲದ ಮೇಲೆ ಗಾಲಿ ಇಡಬಾರದೆಂದರು. ಮುಂದಿನ ಚಕ್ರಗಳಿಗೆ ಬಲ ಕೊಡುವ ಗೇರನ್ನು ಇಳಿಜಾರಿನ ತಲೆಯಲ್ಲೇ ಹಾಕಬೇಕು, ನಡುವೆ ಅಲ್ಲ. ಇಳಿಯುವಾಗ ಎಂಜಿನ್ನಿನ ಹಿಡಿತದಲ್ಲಿ ಇಳಿಯಬೇಕು, ಗಾಬರಿಯಾಗಿ ಬ್ರೇಕು ತುಳಿಯಬಾರದು. ಏರಾಗಲಿ ಇಳಿಜಾರಾಗಲಿ ನೇರವಾಗಿ ಎದುರಿಸಬೇಕು, ಓರೆಯಾಗಿ ಅಡ್ಡ ಹಾಯಬಾರದು. ಅಡ್ಡ ಹೋದ ಜೀಪು ಮಗ್ಗುಲಿಗೆ ಹೊರಳುತ್ತದೆ. ಇದೆಲ್ಲಕ್ಕೂ ಮಿಗಿಲಾದ ಒಂದು ಮಾತನ್ನು ಅವರು ಪ್ರತಿ ಹಳ್ಳದ ಬಳಿಯೂ ಹೇಳುತ್ತಿದ್ದರು: "ಮೊದಲ ಮಂದೀನ ಇಳಸ್ರಿ. ಹೊರಳಿದ್ರ ಕಬ್ಬಿಣ ಹೋಗತದ, ಮಂದಿ ಉಳೀತಾರ."

ವಿದ್ಯಾವಂತನಾದ ನಾನು ಇವೆಲ್ಲವನ್ನೂ ಒಂದು ನೋಟುಬುಕ್ಕಿನಲ್ಲಿ ಬರೆದುಕೊಂಡೆ. ಬರೆದುಕೊಂಡೆನೆಂದರೆ ಸಾಲದು, ಸಂಸ್ಕರಿಸಿದೆ. 'ಅಂಗುಷ್ಠ ನಿಯಮ', 'ಅವರೋಹಣ ವಿಧಿ', 'ಸಹಯಾತ್ರಿಕ ವಿಮೋಚನ' ಎಂಬ ಶೀರ್ಷಿಕೆಗಳನ್ನು ಕೆಂಪು ಶಾಯಿಯಲ್ಲಿ ಬರೆದು ಅಡಿಗೆರೆ ಎಳೆದೆ. ಯಾವುದಾದರೂ ವಿಷಯಕ್ಕೆ ಚಂದದ ಹೆಸರಿಟ್ಟ ಕೂಡಲೇ ಅದು ನಮಗೆ ಕರಗತವಾಯಿತೆಂಬ ಭ್ರಮೆ ಓದಿದವರಿಗೆ ಸಹಜವಾದದ್ದು. ಶರಣಪ್ಪನವರು ಆ ಪುಸ್ತಕವನ್ನು ಒಮ್ಮೆ ಕೈಗೆತ್ತಿಕೊಂಡು, ತಿರುವಿ, ಅಕ್ಷರ ಬಹಳ ಚಲೋ ಅದಾವ್ರಿ ಎಂದು ಹಿಂದಿರುಗಿಸಿದರು.

ಈಗ ಅನಂತಯ್ಯನವರ ವಿಷಯ ಹೇಳಬೇಕು. ಇಷ್ಟು ಹೊತ್ತು ಸುತ್ತಿ ಬಳಸಿ ಅದನ್ನೇ ಮುಂದೂಡುತ್ತಿದ್ದೆ ಎಂದು ಓದುಗರಿಗೆ ಈಗಾಗಲೇ ಅನ್ನಿಸಿರಬಹುದು. ಅನಂತಯ್ಯ ನಮ್ಮ ಹೋಟೆಲಿನ ಮುಖ್ಯ ಅಡಿಗೆಯವರು, ಐವತ್ತೈದು ದಾಟಿದವರು, ಮಂಡಿನೋವಿನವರು. ಹನ್ನೆರಡನೆಯ ವಯಸ್ಸಿನಲ್ಲಿ ನಾನು ಓದಲೆಂದು ನಾಸಿಕಕ್ಕೆ ಬಂದಾಗ ಜ್ವರದಲ್ಲಿ ಗಂಜಿ ಕುಡಿಸಿದವರು, ಊರು ನೆನೆದು ಅತ್ತಾಗ ಬೈದು ಸುಮ್ಮನಾಗಿಸಿದವರು. ನನಗೆ ಇಪ್ಪತ್ತಾರು ತುಂಬಿದ ಮೇಲೂ ಅವರ ಬಾಯಲ್ಲಿ ನಾನು ಮಾಣಿಯೇ. ಅವರದೊಂದು ವ್ರತವಿತ್ತು: ಬಡಿಸುವ ಮೊದಲು ಅಡಿಗೆಯ ರುಚಿ ನೋಡುವುದಿಲ್ಲ. ದೇವರಿಗೆ ಇಡುವ ಅಡಿಗೆಯನ್ನು ಎಂಜಲು ಮಾಡಬಾರದೆಂದು ಊರಿನಲ್ಲಿ ಕಲಿತದ್ದನ್ನು ಅವರು ಹೋಟೆಲಿನಲ್ಲೂ ಬಿಟ್ಟಿರಲಿಲ್ಲ. ನೂರು ಮಂದಿಯ ಸಾಂಬಾರಿಗಾದರೂ ಉಪ್ಪನ್ನು ಬಲಗೈಯಲ್ಲಿ ಎತ್ತಿ, ಹೆಬ್ಬೆರಳಿನಿಂದ ಒಮ್ಮೆ ಹಿಂದಕ್ಕೂ ಒಮ್ಮೆ ಮುಂದಕ್ಕೂ ಸರಿಸಿ, ತೂಕ ಸರಿಯೆನಿಸಿದಾಗ ಬಿಡುತ್ತಿದ್ದರು. ಹುಣಸೆಹುಳಿ, ಇಂಗು, ಬೆಲ್ಲ ಎಲ್ಲಕ್ಕೂ ಅದೇ ಬೆರಳುಗಳ ಲೆಕ್ಕ. ನಾನು ಅವರ ಕೈಯಡಿಗೆ ಉಂಡ ಹದಿನಾಲ್ಕು ವರ್ಷಗಳಲ್ಲಿ ಒಂದು ದಿನವೂ ಉಪ್ಪು ಹೆಚ್ಚು-ಕಡಿಮೆಯಾದದ್ದಿಲ್ಲ.

ನನಗೆ ಬದುಕಿನ ಮೊದಲ ಚಾಲನಾ ಪಾಠ ಹೇಳಿದವರೂ ನಿಜಕ್ಕೆ ಅನಂತಯ್ಯನವರೇ. ನಾಸಿಕದಲ್ಲಿ ವಾಡೆಯೆನ್ನುವ ಹಳೆಯ ದೊಡ್ಡ ಮನೆಯಲ್ಲಿದ್ದ ನಮ್ಮ ಹೋಟೆಲಿನಲ್ಲಿ ಅಡಿಗೆಮನೆ ಎತ್ತರದಲ್ಲಿ, ಊಟದ ಹಜಾರ ಕೆಳಗೆ, ನಡುವೆ ಹತ್ತು ಕಲ್ಲಿನ ಮೆಟ್ಟಿಲು. ಕುದಿಯುವ ಸಾಂಬಾರಿನ ಕೊಳಗ, ಎಂದರೆ ಎರಡು ಬದಿಗೂ ಬಳೆಯಿರುವ ದೊಡ್ಡ ಪಾತ್ರೆ, ಅದನ್ನು ಇಳಿಸುವಾಗ ಯಾರೂ ನೇರವಾಗಿ ಇಳಿಯುವಂತಿಲ್ಲ. ಮೈಯನ್ನು ಓರೆ ಮಾಡಿಕೊಂಡು, ಅಡ್ಡಡ್ಡವಾಗಿ, ಒಂದೊಂದೇ ಮೆಟ್ಟಿಲು ಇಳಿಯಬೇಕು. ನೇರ ಇಳಿದರೆ ಸಾಂಬಾರು ಮುಂದಕ್ಕೆ ತುಳುಕಿ ಕಾಲಿನ ಮೇಲೆ ಬೀಳುತ್ತದೆ. ಈ ಪಾಠ ಯಾವ ನೋಟುಬುಕ್ಕಿನಲ್ಲೂ ಇರಲಿಲ್ಲ. ಬೆನ್ನಿನ ಮೇಲೆ ಬಿದ್ದ ಸೌಟಿನ ಏಟಿನೊಂದಿಗೆ ಅದು ಮೈಯೊಳಗೆ ಇಳಿದಿತ್ತು.

ಹೊಸ ಹೋಟೆಲಿನ ಅಡಿಗೆಗೆಂದು ಮಾವ ಅನಂತಯ್ಯನವರನ್ನೂ ಔರಂಗಾಬಾದಿಗೆ ಕಳಿಸಿದ್ದರು, ಊಟದ ಜೊತೆ ಕ್ಯಾಂಪಿಗೂ ಅವರೇ ಬರುತ್ತಿದ್ದರು. ಕ್ಯಾಂಪಿನ ಹಾದಿಯಲ್ಲಿ, ಬಿಡಕಿನ್ ದಾಟಿದ ಮೇಲೆ, ಒಂದು ಹಳ್ಳವಿತ್ತು. ಸೇತುವೆ ಇಲ್ಲ, ಎರಡೂ ಕಡೆ ಎರೆಮಣ್ಣಿನ ದಡ. ಶರಣಪ್ಪನವರು ದಿನವೂ ದಡದ ತಲೆಯಲ್ಲಿ ಜೀಪು ನಿಲ್ಲಿಸಿ, ಹಿಂದೆ ಕೊಳಗದ ಮುಚ್ಚಳ ಹಿಡಿದು ಕೂತಿರುತ್ತಿದ್ದ ಅನಂತಯ್ಯನವರತ್ತ ತಿರುಗಿ "ಇಳೀರಿ ಭಟ್ರ" ಎನ್ನುತ್ತಿದ್ದರು. ಅನಂತಯ್ಯ ಮಂಡಿ ಹಿಡಿದುಕೊಂಡು ಗೊಣಗುತ್ತ ಇಳಿಯುವರು. ಜೀಪು ಆಮೆಯಂತೆ ನೇರವಾಗಿ ಇಳಿದು ನೇರವಾಗಿ ಹತ್ತುವುದು. ಮುಚ್ಚಳದ ಸಂದಿಯಿಂದ ಸ್ವಲ್ಪ ಸಾಂಬಾರು ಹೊರಚೆಲ್ಲುವುದು. "ಒಂದು ಸೌಟು ಹಳ್ಳಕ್ಕೆ ನೈವೇದ್ಯ ಆಯ್ತು ಕಾಣು ಮಾಣಿ. ಮುಚ್ಚಳ ನಾನು ಹಿಡ್ಕೊಂಡಿದ್ರೆ ಒಂದು ಹನಿ ಹೋಗ್ತಿರ್ಲಿಲ್ಲ," ಎಂದು ಅವರು ಆಚೆ ದಡದಲ್ಲಿ ಮತ್ತೆ ಹತ್ತಿಕೊಳ್ಳುವಾಗ ದಿನವೂ ಅನ್ನುತ್ತಿದ್ದರು. ಅನ್ನುವವರು ಅನ್ನಲಿ ಎಂದು ಶರಣಪ್ಪನವರು ಬೀಡಿ ಹಚ್ಚುತ್ತಿದ್ದರು.

ಮಗಳ ನಿಶ್ಚಿತಾರ್ಥಕ್ಕೆಂದು ಶರಣಪ್ಪನವರು ಮೂರು ದಿನ ಊರಿಗೆ ಹೋದರು. ಹೋಗುವಾಗ ನನಗೆ ಹೇಳಿದ್ದು ಒಂದೇ: ಹಳ್ಳ ದಾಟಬೇಡಿ, ಈಚೆ ದಡದಲ್ಲೇ ನಿಲ್ಲಿಸಿ, ಕ್ಯಾಂಪಿನವರು ಬಂದು ಪಾತ್ರೆ ಎತ್ತಿಕೊಂಡು ಹೋಗುತ್ತಾರೆ. ಮೊದಲ ದಿನ ಹಾಗೆಯೇ ಮಾಡಿದೆ. ಕ್ಯಾಂಪಿನವರು ಬರುವುದು ತಡವಾಯಿತು, ಅನ್ನ ಆರಿತು, ಅವರ ಸಾಹೇಬರು ಮರಾಠಿಯಲ್ಲಿ ನಾಲ್ಕು ಮಾತು ಆಡಿದರು. ಆ ನಾಲ್ಕು ಮಾತಿಗಿಂತ ನನ್ನನ್ನು ಹೆಚ್ಚು ಚುಚ್ಚಿದ್ದು, ಓದಿದ ಹುಡುಗನಿಗೆ ಒಂದು ಹಳ್ಳ ದಾಟಲು ಬರುವುದಿಲ್ಲವೆಂಬ ಅವರ ನಗು. ಎರಡನೆಯ ದಿನ ನಾನು ದಾಟಲು ನಿಶ್ಚಯಿಸಿದೆ.

ದಡದ ತಲೆಯಲ್ಲಿ ಜೀಪು ನಿಲ್ಲಿಸಿದೆ. ಇಳಿದು ನೆಲ ನೋಡಿ ಬಂದೆ. ಗೇರು ಹಾಕಿದೆ. ಹೆಬ್ಬೆರಳುಗಳನ್ನು ಹೊರಗಿಟ್ಟೆ. ಹಿಂದಕ್ಕೆ ತಿರುಗಿದೆ. ಅನಂತಯ್ಯ ಎಡಗೈಯಲ್ಲಿ ಮುಚ್ಚಳ ಒತ್ತಿಕೊಂಡು, ಬಲಗೈಯಲ್ಲಿ ಜೀಪಿನ ಪಕ್ಕದ ಕಬ್ಬಿಣದ ಹಿಡಿಯನ್ನು ಹಿಡಿದು ಕೂತಿದ್ದರು. ಬಿಸಿಲು ನೆತ್ತಿಯ ಮೇಲಿತ್ತು. ಹಿಂದಿನ ದಿನ ಅವರ ಮಂಡಿ ಊದಿಕೊಂಡಿತ್ತೆಂಬುದು ನನಗೆ ಗೊತ್ತಿತ್ತು. 'ಇಳಿಯಿರಿ' ಎಂಬ ಮಾತು ಗಂಟಲಿನ ತನಕ ಬಂತು. ಶರಣಪ್ಪನವರಿಗೆ ಅದು ಬರಿಯ ಮಾತು. ನನಗೆ ಗಂಜಿ ಕುಡಿಸಿದ ಹಿರಿಯರನ್ನು ಬಿಸಿಲಿನಲ್ಲಿ ಇಳಿದು ನಡೆಯಿರೆಂದು ಹೇಳುವುದು ಉದ್ಧಟತನವಾಗಿ ಕಂಡಿತು. ನಾನು ಹೇಳಲಿಲ್ಲ. ಅವರು ಮುಚ್ಚಳವನ್ನು ಇನ್ನಷ್ಟು ಒತ್ತಿ, ಸಂತೋಷದಿಂದಲೇ, "ಇವತ್ತು ಒಂದು ಹನಿ ಹೊರಗೆ ಹೋಗುದಿಲ್ಲ, ನೀ ಹೊರಡು," ಎಂದರು.

ಇಳಿಯತೊಡಗಿದೆ. ಮೂತಿ ಕೆಳಗಾದ ಕೂಡಲೇ ಹಿಂದೆ ಕೊಳಗ ಜಾರಿದ ಸದ್ದು, ಸಾಂಬಾರು ತುಳುಕಿದ ಸದ್ದು, ಅನಂತಯ್ಯ 'ಅಯ್ಯಯ್ಯೋ' ಎಂದದ್ದು. ಆಗ ನನ್ನ ಕೈಗಳು ನನ್ನನ್ನು ಕೇಳದೆ ಒಂದು ಕೆಲಸ ಮಾಡಿದವು. ಕೆಂಪು ಶಾಯಿಯ ಅವರೋಹಣ ವಿಧಿ ಎಲ್ಲಿ ಹೋಯಿತೋ, ಹನ್ನೆರಡು ವರ್ಷದ ಮಾಣಿ ನಾಸಿಕದ ಕಲ್ಲಿನ ಮೆಟ್ಟಿಲ ಮೇಲೆ ಮೈ ಓರೆ ಮಾಡಿದಂತೆ ನಾನು ಜೀಪನ್ನು ಓರೆ ಮಾಡಿದೆ, ಸಾಂಬಾರು ಚೆಲ್ಲದಿರಲೆಂದು. ಕೊಳಗ ಸಮವಾಯಿತು, ಒಂದು ಕ್ಷಣ ನನಗೆ ಹೆಮ್ಮೆಯೂ ಆಯಿತು. ಅಷ್ಟರಲ್ಲಿ ಕೆಳಬದಿಯ ಮುಂದಿನ ಗಾಲಿ ಮಣ್ಣಿನೊಳಗಿದ್ದ ಕಲ್ಲಿಗೆ ಬಡಿಯಿತು. ಸ್ಟೀರಿಂಗು ಗರ್ರೆಂದು ತಾನಾಗಿ ತಿರುಗಿ ಅದರ ಅಡ್ಡಕಂಬಿಗಳು ನನ್ನ ಹೆಬ್ಬೆರಳಿನ ಪಕ್ಕದಲ್ಲೇ ಗಾಳಿಯನ್ನು ಸೀಳಿದವು. ಬೆರಳಿಗೆ ಏನೂ ತಾಗಲಿಲ್ಲ. ಜೀಪು ಅವಸರವಿಲ್ಲದೆ, ಮಲಗಲು ಹೊರಟ ಎಮ್ಮೆಯ ಹಾಗೆ, ಮಗ್ಗುಲಿಗೆ ಹೊರಳಿತು.

ಏರಿನ ಬದಿಗಿದ್ದ ನಾನು ಹುಲ್ಲಿನ ಮೇಲೆ ಬಿದ್ದೆ, ತರಚು ಗಾಯವೂ ಇಲ್ಲ. ಅನಂತಯ್ಯ ಕೆಳಬದಿಯಲ್ಲಿದ್ದರು. ನಮ್ಮೆಲ್ಲರಂತೆ ಹೆಬ್ಬೆರಳನ್ನು ಒಳಕ್ಕೆ ಮಡಚಿ ಹಿಡಿದಿದ್ದ ಅವರ ಬಲಗೈ ಆ ಕಬ್ಬಿಣದ ಹಿಡಿಗೂ ಹಳ್ಳದ ಕಲ್ಲಿಗೂ ನಡುವೆ ಸಿಕ್ಕಿಕೊಂಡಿತ್ತು. ಸಾಂಬಾರು ಅವರ ತೊಡೆಯ ಮೇಲಿಂದ ಹರಿದು ಎರೆಮಣ್ಣಿಗೆ ಇಳಿಯುತ್ತಿತ್ತು. ಅವರ ಎಡಗೈ ಇನ್ನೂ ಮುಚ್ಚಳವನ್ನು ಒತ್ತಿ ಹಿಡಿದೇ ಇತ್ತು. ಕ್ಯಾಂಪಿನವರು ಓಡಿ ಬಂದು ಜೀಪು ಎತ್ತುವ ತನಕ ನಾನು ಅವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ.

ಆಸ್ಪತ್ರೆಯಲ್ಲಿ ಬಲಗೈಯ ಹೆಬ್ಬೆರಳನ್ನೂ ತೋರುಬೆರಳನ್ನೂ ತೆಗೆದರು. ನಾಸಿಕದಿಂದ ಧಾವಿಸಿ ಬಂದ ಮಾವನಿಗೆ ಅನಂತಯ್ಯ ಹೇಳಿದ್ದು, ಮಾಣಿಯ ತಪ್ಪೇನಿಲ್ಲ, ತಾನೇ ಇಳಿಯಲಿಲ್ಲ ಎಂದು. ನಾನು ಅಲ್ಲೇ ಮಂಚದ ಕಾಲಿನ ಬಳಿ ನಿಂತಿದ್ದೆ. ಇಳಿಯಿರೆಂದು ನಾನು ಹೇಳಲೇ ಇಲ್ಲ ಎಂದು ಬಾಯಿಬಿಡಲು ಅದೊಂದು ಗಳಿಗೆಯಿತ್ತು. ಗಳಿಗೆ ಕಳೆಯಿತು, ನಾನು ಬಾಯಿ ಬಿಡಲಿಲ್ಲ, ಮಾವ ನನ್ನ ಭುಜ ತಟ್ಟಿ ಜೀವ ಉಳಿಯಿತಲ್ಲ ಎಂದರು. ಇದಕ್ಕಿಂತ ದೊಡ್ಡ ಹೇಡಿತನವನ್ನು ನಾನು ನನ್ನಲ್ಲಿ ಮತ್ತೆ ಕಂಡಿಲ್ಲ.

ಊರಿನಿಂದ ಮರಳಿದ ಶರಣಪ್ಪನವರು ಮೊದಲು ಹೋದದ್ದು ಹಳ್ಳಕ್ಕೆ. ಮಣ್ಣಿನ ಮೇಲೆ ಗಾಲಿಯ ಗುರುತು ಒಣಗಿ ಗಟ್ಟಿಯಾಗಿತ್ತು. ಅದನ್ನು ಅವರು ಬಹಳ ಹೊತ್ತು ಓದಿದರು. ಯಾಕೆ ಅಡ್ಡ ತಿರುಗಿಸಿದಿರಿ ಎಂದು ಕೇಳಲಿಲ್ಲ.

"ಭಟ್ರನ್ನ ಇಳಿಸಿದ್ದಿಲ್ರಿ?" ಎಂದರು.

ಇಲ್ಲವೆಂದು ತಲೆಯಾಡಿಸಿದೆ. ಅವರು ನನ್ನ ಕೈಗಳನ್ನು ನೋಡಿದರು, ಮೊದಲ ದಿನ ನೋಡಿದ ಹಾಗೆಯೇ.

"ಅಂಗೂಠಾ ಹೊರಗಿತ್ತೇನ್ರಿ?"

"ಇತ್ತು."

"ಅದೊಂದು ನೆನಪಿಟ್ಟಿರಿ ನೋಡ್ರಿ," ಎಂದರು. ಚುಚ್ಚಿ ಹೇಳಿದ ಮಾತಲ್ಲ ಅದು. ತಾನು ಕಲಿಸಿದ್ದರಲ್ಲಿ ಒಂದಾದರೂ ಉಳಿಯಿತೆಂಬ ಗುರುವಿನ ಸಮಾಧಾನವೇ ಇದ್ದಿರಬಹುದು. ಆದರೆ ನಾನು ಅಂದಿನಿಂದ ಅದನ್ನು ಬೇರೆ ರೀತಿಯಲ್ಲಿ ಕೇಳಿಸಿಕೊಳ್ಳುತ್ತಿದ್ದೇನೆ. ಅವರು ಹೇಳಿಕೊಟ್ಟ ಅಷ್ಟೂ ಮಾತುಗಳಲ್ಲಿ ನನ್ನ ಮೈಯನ್ನು ಕಾಯುವ ಮಾತೊಂದನ್ನು ನಾನು ಚಾಚೂ ತಪ್ಪದೆ ಪಾಲಿಸಿದ್ದೆ. ಇನ್ನೊಬ್ಬರ ಮೈಯನ್ನು ಕಾಯುವ ಮಾತು ನನ್ನ ವಿನಯದಲ್ಲಿ ಕೊಚ್ಚಿಹೋಗಿತ್ತು. ವಿನಯ ಎಂದು ನಾವು ಕರೆಯುವುದರಲ್ಲಿ ಎಷ್ಟು ಪಾಲು ಸಂಕೋಚ, ಎಷ್ಟು ಪಾಲು ನಮ್ಮ ಬಗ್ಗೆ ಇತರರು ಏನೆಂದುಕೊಂಡಾರು ಎಂಬ ಭಯ ಎಂದು ಬೇರ್ಪಡಿಸಿ ನೋಡುವ ಕೆಲಸ ನನಗೆ ಇನ್ನೂ ಮುಗಿದಿಲ್ಲ.

ಕ್ಯಾಂಪಿನ ಊಟ ನಿಂತಿತು. ಜೀಪಿನ ಡೊಂಕು ತಟ್ಟಿಸಿ ಮಾವ ಅದನ್ನು ನಾಸಿಕಕ್ಕೆ ತರಿಸಿದರು, ಅನಂತಯ್ಯನವರನ್ನೂ ಕರೆಸಿಕೊಂಡರು, ನಾನೂ ಹಿಂದೆಯೇ ಬಂದೆ. ಮೂರು ಬೆರಳಿನ ಬಲಗೈಯಲ್ಲಿ ಉಪ್ಪು ನಿಲ್ಲುತ್ತಿರಲಿಲ್ಲ. ಎಡಗೈಯಲ್ಲಿ ಅಡಿಗೆಗೆ ಹಾಕಲು ಅವರ ಮನಸ್ಸು ಒಪ್ಪುತ್ತಿರಲಿಲ್ಲ. ಕೆಲವು ತಿಂಗಳು ತಡೆದು ಕೊನೆಗೆ ಒಂದು ಚಮಚ ಹಿಡಿದರು. ಚಮಚದ ಅಳತೆಯ ಮೇಲೆ ನಂಬಿಕೆಯಿಲ್ಲದೆ, ನಲವತ್ತು ವರ್ಷದ ವ್ರತ ಮುರಿದು, ಸಾಂಬಾರನ್ನು ನಾಲಿಗೆಗೆ ಹಚ್ಚಿ ನೋಡತೊಡಗಿದರು. ನಾಲಿಗೆಗೆ ಆ ಕೆಲಸದ ಅಭ್ಯಾಸವಿರಲಿಲ್ಲ. ಒಂದು ದಿನ ಉಪ್ಪು ಹೆಚ್ಚು, ಒಂದು ದಿನ ಕಡಿಮೆ. ಮಾವ ಬೇರೆ ಅಡಿಗೆಯವರನ್ನು ತಂದರು, ಅನಂತಯ್ಯ ಕರಿಬೇವು ಬಿಡಿಸುವ ಕೆಲಸಕ್ಕೆ ಕೂತರು. ತುತ್ತನ್ನು ಬಾಯಿಗೆ ದೂಡುವುದು ಹೆಬ್ಬೆರಳೇ ಎಂಬುದನ್ನು ನಾನು ಗಮನಿಸಿದ್ದು ಅವರ ಊಟವನ್ನು ನೋಡಿದ ಮೇಲೆ. ಅವರು ಈಗ ಎಲ್ಲರ ಊಟ ಮುಗಿದ ಮೇಲೆ, ಗೋಡೆಯ ಕಡೆ ತಿರುಗಿ, ಚಮಚದಲ್ಲಿ ಉಣ್ಣುತ್ತಾರೆ.

ಕಳೆದ ತಿಂಗಳು ಬೆಳಿಗ್ಗೆ ಗೋದಾವರಿಯ ಬದಿಯ ತರಕಾರಿ ಪೇಟೆಗೆ ಜೀಪಿನಲ್ಲಿ ಹೊರಟಿದ್ದೆ. ಹೊಳೆಯ ಸ್ನಾನಕ್ಕೆಂದು ಅನಂತಯ್ಯ ಜೊತೆಗೆ ಹತ್ತಿದರು, ಅದೇ ಹಿಂದಿನ ಜಾಗದಲ್ಲಿ. ಹೊಳೆಗೆ ಇಳಿಯುವ ಹಾದಿ ಕಲ್ಲು ಹಾಸಿದ್ದು, ಕುದುರೆಗಾಡಿಗಳು ದಿನವೂ ಇಳಿಯುತ್ತವೆ, ಭಯ ಪಡುವಂಥದ್ದು ಏನೂ ಇಲ್ಲ. ಆದರೂ ಅದರ ತಲೆಯಲ್ಲಿ ನಾನು ಜೀಪು ನಿಲ್ಲಿಸಿದೆ. ಹಿಂದಕ್ಕೆ ತಿರುಗಿದೆ.

"ಇಳಿಯಿರಿ ಅನಂತಯ್ಯ," ಎಂದೆ. ಐದು ವರ್ಷ ಗಂಟಲಲ್ಲಿ ನಿಂತಿದ್ದ ಮಾತು ಸಣ್ಣ ದನಿಯಲ್ಲಿ ಬಂತು.

ಅವರು ನನ್ನ ಮುಖ ನೋಡಿದರು. "ಸಾಂಬಾರೇ ಇಲ್ಲವಲ್ಲ ಮಾಣಿ, ಇಳಿಯುದು ಎಂತಕ್ಕೆ?" ಎಂದರು. ಅವರಿಗೆ ಏನು ಅರ್ಥವಾಯಿತೋ, ಮಂಡಿ ಹಿಡಿದುಕೊಂಡು ಮೆಲ್ಲಗೆ ಇಳಿದು, ಒಂದು ಗಳಿಗೆ ಎಡಗೈಯನ್ನು ನನ್ನ ಭುಜದ ಮೇಲಿಟ್ಟು, ತೆಗೆದರು.

ನಾನು ನೇರವಾಗಿ ಇಳಿದು ಕೆಳಗೆ ಕಾದೆ. ತಿರುಗಿ ನೋಡಿದರೆ ಅವರು ಬರುತ್ತಿದ್ದರು. ಕೈಯಲ್ಲಿ ಏನೂ ಇಲ್ಲದಿದ್ದರೂ, ಕೊಳಗ ಹೊತ್ತವರ ಹಾಗೆ ಮೈಯನ್ನು ಓರೆ ಮಾಡಿಕೊಂಡು, ಅಡ್ಡಡ್ಡವಾಗಿ, ಒಂದೊಂದೇ ಹೆಜ್ಜೆ. ಅವರು ಬಂದು ಸೇರುವ ತನಕ ನಾನು ಸ್ಟೀರಿಂಗಿನ ಮೇಲೆ ಕೈಯಿಟ್ಟು ಕೂತಿದ್ದೆ. ನಿಂತ ಜೀಪಿನಲ್ಲೂ ನನ್ನ ಹೆಬ್ಬೆರಳುಗಳು ಹೊರಗೇ ಇದ್ದವು.